ಸಿಪ್ಪೆ ಗಟ್ಟಿಯಾದ ಚಳಿಗಾಲ

ಔದೆಡೈಕ್,
9 ಅಕ್ಟೋಬರ್ 2011

ಅಕ್ಕಾ,

ಗುರುವಾರ ನಿಮ್ಮ ಮಠದ ಬಾಗಿಲಲ್ಲಿ ಕೊಟ್ಟು ಬಂದ ಮೂವತ್ತು ಮೊಟ್ಟೆ ಸರಿಯಾಗಿ ಸೇರಿದವೋ ಇಲ್ಲವೋ ಎಂದು ಮೂರು ದಿನದಿಂದ ಅದೇ ಯೋಚನೆ. ಗೋಡೆಯಲ್ಲಿನ ಆ ಮರದ ತಿರುಗುಗೂಡಿನಲ್ಲಿ ಇಟ್ಟೆ, ಒಳಗಿನಿಂದ ಯಾರೋ ತಿರುಗಿಸಿದರು, ಮೊಟ್ಟೆ ಆ ಕಡೆ ಹೋಯಿತು, ಖಾಲಿ ಗೂಡು ಈ ಕಡೆ ಬಂತು. ಬುಟ್ಟಿಯನ್ನು ನೆಟ್ಟಗೆ ಇಟ್ಟಿದ್ದೆನೋ ಓರೆಯಾಗಿ ಇಟ್ಟಿದ್ದೆನೋ, ಈಗ ಎಷ್ಟು ನೆನೆಸಿಕೊಂಡರೂ ನೆನಪಾಗುತ್ತಿಲ್ಲ.

ನನ್ನ ಮುಂದೆ ಒಂದು ಜೋಡಿ ನಿಂತಿತ್ತು. ಶನಿವಾರ ಮದುವೆಯಂತೆ. ಮಳೆ ಬಾರದಿರಲಿ ಎಂದು ನೀವು ಪ್ರಾರ್ಥಿಸಬೇಕಲ್ಲ, ಅದಕ್ಕೆ ಹನ್ನೆರಡು ಮೊಟ್ಟೆ ತಂದಿದ್ದರು, ಅಂಗಡಿಯ ರಟ್ಟಿನ ಡಬ್ಬಿಯಲ್ಲಿ. ಆ ಹುಡುಗಿ ನನ್ನ ಬುಟ್ಟಿ ನೋಡಿ, "ಅಜ್ಜೀ, ನಿಮ್ಮನೇಲಿ ಎಷ್ಟು ಮದ್ವೆ ಇದೆ?" ಎಂದು ನಕ್ಕಳು. "ಒಂದೂ ಇಲ್ಲಮ್ಮ, ನಮ್ಮಕ್ಕ ಒಳಗಿದಾಳೆ" ಎಂದೆ. ಜೈಲಿನಲ್ಲಿದ್ದಾಳೆ ಅನ್ನುವ ಹಾಗೆ ಕೇಳಿಸಿರಬೇಕು. ಇಬ್ಬರೂ ತಮ್ಮ ಡಬ್ಬಿಯ ಕಡೆ ತಿರುಗಿಕೊಂಡರು.

ನಾನೂ ಮೊದಲ ಸಲ ಹಾಗೆಯೇ ಬಂದವಳಲ್ಲವೇ, ಹನ್ನೊಂದು ವರ್ಷದ ಹಿಂದೆ, ಮಗಳ ಮದುವೆಗೆ. ಆ ದಿನ ಒಳ್ಳೆಯ ಬಿಸಿಲೇ ಇತ್ತು. ಮಳೆ ಆಮೇಲೆ ಬಂತು, ಅವರ ಮನೆಯೊಳಗೆ. ಅದಕ್ಕೆ ನಿಮ್ಮಿಂದೇನು ಮಾಡಲಾದೀತು.

ಈ ಸಲ ಹಳದಿ ಹೇಗಿತ್ತು ಬರೆ. ಕೋಳಿಗೆ ನೆನೆಸಿದ ತಂಗಳು ಬ್ರೆಡ್ಡು, ಗೋಧಿ, ಎಲೆಕೋಸಿನ ಹೊರ ಎಲೆ, ಜೊತೆಗೆ ವಾರಕ್ಕೆರಡು ಸಲ ಬಂದರಿನ ಸಿಗಡಿ ಸಿಪ್ಪೆ. ಸಿಗಡಿ ಸಿಪ್ಪೆ ಬಿದ್ದರೆ ಹಳದಿ ಕೆಂಪಗಾಗುತ್ತದೆ. ಆದರೆ ಜಾಸ್ತಿಯಾದರೆ ಮೊಟ್ಟೆ ಮೀನು ಮೀನು ನಾರುತ್ತದೆ. ಎಷ್ಟು ಹಾಕಿದರೆ ಜಾಸ್ತಿ ಎಂದು ಯಾರಿಗೆ ಗೊತ್ತು? ನಾನು ಒಂದು ಹಿಡಿ ಹಾಕಿ, ಅರ್ಧ ಹಿಡಿ ವಾಪಸ್ಸು ತೆಗೆಯುತ್ತೇನೆ. ಪಕ್ಕದ ಮನೆಯ ನೊಯೆಲ್ಲಾ ಬೇಲಿಯ ಮೇಲಿಂದ ನೋಡಿ, "ಏನೇ ಅಲೀದಾ, ಕೋಳಿಗೆ ಔಷಧಿ ಅಳೀತಿದೀಯಾ?" ಎನ್ನುತ್ತಾಳೆ. ಅವಳ ಮನೆಗೂ ಪುರಸಭೆಯವರು, ಅಡುಗೆಮನೆ ಕಸ ಕಡಿಮೆಯಾಗಲಿ ಎಂದು, ಎರಡು ಹೇಟೆ ಕೋಳಿ ಪುಕ್ಕಟೆ ಕೊಟ್ಟಿದ್ದಾರೆ. ಸಿಕ್ಕಿದ್ದೆಲ್ಲ ಸುರಿಯುತ್ತಾಳೆ, ಕೇಕು ಕೂಡ.

ಮನೆಗೆ ಹೊಸ ಕಿಟಕಿ ಹಾಕಿಸಿದೆ, ಪ್ಲಾಸ್ಟಿಕ್ಕಿನದು. ಅಪ್ಪ ಕಾಲಕಾಲಕ್ಕೆ ಹಸಿರು ಬಣ್ಣ ಬಳಿಯುತ್ತಿದ್ದ ಹಳೆಯ ಮರದ ಕಿಟಕಿ ಬಾಗಿಲುಗಳೆಲ್ಲ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿವೆ. ಈ ಚಳಿಗಾಲಕ್ಕೆ ಸೌದೆ ಕೊಳ್ಳಬೇಕಾಗಿಲ್ಲ.

ಅಮ್ಮನ ಸಮಾಧಿಗೆ ಹೋಗಿದ್ದೆ. ಅದರ ವಿಷಯ ಬರೆಯುವುದಿಲ್ಲ.

ನಿನ್ನ ತಂಗಿ
ಅಲೀದಾ


ಮಠದಿಂದ,
24 ಅಕ್ಟೋಬರ್ 2011

ಪ್ರೀತಿಯ ಅಲೀದಾ,

ಕ್ರಿಸ್ತನ ಶಾಂತಿ ನಿನ್ನ ಜೊತೆಗಿರಲಿ. ಮೊಟ್ಟೆ ಬಂತು. ಹಳದಿ ಸಂಜೆಯ ಸೂರ್ಯನ ಹಾಗಿತ್ತು. ಮೀನಿನ ವಾಸನೆ ಇಲ್ಲವೇ ಇಲ್ಲ, ಚಿಂತೆ ಬಿಡು.

ಮೂರು ಮಾತ್ರ ದಾರಿಯಲ್ಲಿ ಬಿರುಕು ಬಿಟ್ಟಿದ್ದವು. ಟ್ರಾಮು, ಆಮೇಲೆ ಬಸ್ಸು, ಅಷ್ಟು ದೂರ ಮಡಿಲಲ್ಲಿ ಇಟ್ಟುಕೊಂಡು ಬರುತ್ತೀಯ, ಮೂರು ಒಡೆದರೆ ಏನಾಯಿತು. ಅಡುಗೆಯ ಸಿಸ್ಟರ್ ಹೇಳಿದರು, ಸಿಪ್ಪೆ ಈಗೀಗ ತೆಳ್ಳಗಿದೆ, ಬೆರಳಿಟ್ಟರೆ ಕುಸಿಯುತ್ತದೆ ಎಂದು. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ, ನೀನು ಇದನ್ನೇ ಹಿಡಿದುಕೊಂಡು ಕೊರಗುತ್ತೀಯ ಎಂದು ಗೊತ್ತು.

ನಮ್ಮಲ್ಲಿ ಮಾಂಸವಿಲ್ಲ. ಬೇಸಿಗೆಯಲ್ಲಿ ಮದುವೆಯವರು ತಂದ ಮೊಟ್ಟೆ ಇಡಲು ಜಾಗ ಸಾಲದು. ಚಳಿಗಾಲದಲ್ಲಿ ಯಾರು ಮದುವೆಯಾಗುತ್ತಾರೆ? ಆಗ ನಮ್ಮ ಒಂಬತ್ತು ಜನರಿಗೆ ನಿನ್ನ ಮೊಟ್ಟೆಯೇ ದಿಕ್ಕು. ಎಲ್ಲರಿಗಿಂತ ಚಿಕ್ಕವಳು ಬೆನೆಡಿಕ್ತಾ, ಮೂವತ್ತನಾಲ್ಕು ವರ್ಷ. ಮೊದಲಿನಿಂದಲೂ ಮೂತ್ರಪಿಂಡ ದುರ್ಬಲ, ಮೈಯಲ್ಲಿ ರಕ್ತವಿಲ್ಲ. ಡಾಕ್ಟರು ಅವಳಿಗೆ ದಿನಾ ಒಂದು ಮೊಟ್ಟೆ ಕೊಡಿ ಎಂದಿದ್ದಾರೆ.

ಪ್ರಾರ್ಥನೆಯಲ್ಲಿ ನಿನ್ನನ್ನು ನೆನೆಯುವ
ಇರ್ಮಾ
(ಸಿಸ್ಟರ್ ಲುತ್ಗಾರ್ದ)


ಔದೆಡೈಕ್,
6 ನವೆಂಬರ್ 2011

ಅಕ್ಕಾ,

ಮೂರು ಒಡೆದವು ಎಂದು ಬರೆದೆಯಲ್ಲ, ಆ ಮೂರರಲ್ಲಿ ನಿನ್ನ ಪಾಲಿನದು ಇತ್ತೇ? ಇದ್ದರೆ ಹೇಳು.

ಸಿಪ್ಪೆ ತೆಳ್ಳಗಾಗಿದ್ದು ಯಾಕೆ ಎಂದು ನನಗೆ ಗೊತ್ತು. ಫಿರ್ಮಿನ್ ಎಂಬವನು ಸಮುದ್ರದಂಡೆಯ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ, ಜನ ತಿಂದು ಬಿಟ್ಟ ಕಪ್ಪೆಚಿಪ್ಪನ್ನು ಚೀಲದಲ್ಲಿ ತಂದು ಕೊಡುತ್ತಿದ್ದ. ನಾನು ಸುತ್ತಿಗೆಯಲ್ಲಿ ಪುಡಿ ಮಾಡಿ ಹಾಕುತ್ತಿದ್ದೆ. ಆಗಸ್ಟಿನಲ್ಲಿ ಫಿರ್ಮಿನ್ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ, ಅಳು ಬಂತು, ಮನೆಗೆ ಬಂದ ಮೇಲೆ ಚಿಪ್ಪಿಗೇನು ಮಾಡುವುದು ಎಂಬ ಯೋಚನೆಯೂ ಬಂತು. ದೇವರು ಕ್ಷಮಿಸಲಿ.

ಅಂಗಡಿಯಲ್ಲಿ ಚಿಪ್ಪಿನ ಪುಡಿ ಸಿಗುತ್ತದೆ. ಆದರೆ ಚೀಲದ ಮೇಲೆ ಬರೆದದ್ದು ಓದಿದರೆ ನನಗೆ ಅರ್ಧ ತಿಳಿಯುವುದಿಲ್ಲ. ಹದಿಮೂರಕ್ಕೆ ಶಾಲೆ ಬಿಡಿಸಿ ಸಿಗಡಿ ಸುಲಿಯಲು ಕೂರಿಸಿದರೆ ಇನ್ನೇನಾಗುತ್ತದೆ. ತಿಳಿಯದ್ದನ್ನು ಕೋಳಿಗೆ ಹಾಕಿ, ಅದು ನಿನ್ನ ಹೊಟ್ಟೆಗೆ ಹೋಗಿ, ಬೇಡಪ್ಪ ಬೇಡ.

ಅಪ್ಪ ಏನು ಮಾಡುತ್ತಿದ್ದರು ನೆನಪಿದೆಯಾ? ಒಲೆಯ ಬೂದಿ ಜರಡಿ ಹಿಡಿದು ಮೇವಿಗೆ ಬೆರೆಸುತ್ತಿದ್ದರು. ನಮ್ಮ ಮೊಟ್ಟೆ ಕಲ್ಲಿನ ಹಾಗಿರುತ್ತಿತ್ತು, ನೀನು ನನ್ನ ಹಣೆಗೆ ಹೊಡೆದು ಒಡೆಯುತ್ತಿದ್ದೆ. ನಾನೂ ಸೋಮವಾರದಿಂದ ಶುರು ಮಾಡಿದ್ದೇನೆ. ಕಿಟಕಿ ಬಾಗಿಲು ಒಣಮರ, ಒಳ್ಳೆ ಉರಿಯುತ್ತದೆ, ಬೂದಿ ಹಿಟ್ಟಿನ ಹಾಗೆ ನುಣ್ಣಗೆ. ಒಂದು ಬೋಗುಣಿ ನೆಂದ ಬ್ರೆಡ್ಡಿಗೆ ಎರಡು ಚಮಚ. ಕೋಳಿಗಳು ಮಣ್ಣಿನಲ್ಲಿ ಹೊರಳಾಡುವ ಗುಂಡಿಗೂ ಹಾಕಿದ್ದೇನೆ, ಹೇನು ಸಾಯುತ್ತದೆ.

ನಿಮ್ಮ ಬೆನೆಡಿಕ್ತಾಳಿಗೆ ದೊಡ್ಡ ಮೊಟ್ಟೆ ಇರಲಿ ಎಂದು ಈ ಸಲ ಎರಡು ಹಳದಿಯದು ಒಂದು ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಬಿರುಕು ಬಿಟ್ಟದ್ದು ನನಗೆ, ಗಟ್ಟಿಯದು ನಿಮಗೆ.

ನಿನ್ನ ತಂಗಿ
ಅಲೀದಾ


ಮಠದಿಂದ,
22 ನವೆಂಬರ್ 2011

ಪ್ರೀತಿಯ ಅಲೀದಾ,

ಭಾನುವಾರದಿಂದ ಆಗಮನ ಕಾಲ. ಕ್ರಿಸ್ಮಸ್ಸಿನವರೆಗೆ ನಾವು ಕಾಗದ ಬರೆಯುವುದಿಲ್ಲ, ಬಂದದ್ದನ್ನು ಒಡೆಯುವುದೂ ಇಲ್ಲ, ಮದರ್ ಅವರ ಮೇಜಿನ ಖಾನೆಯಲ್ಲಿ ಇರುತ್ತದೆ. ಉತ್ತರ ಬರಲಿಲ್ಲವೆಂದು ಪ್ರತಿ ವರ್ಷದ ಹಾಗೆ ಗಾಬರಿಯಾಗಬೇಡ.

ಅಪ್ಪನ ಬೂದಿ ಕೆಲಸ ಮಾಡಿದೆ. ಈ ಸಲ ಒಂದೂ ಒಡೆದಿಲ್ಲ. ಅಡುಗೆಯ ಸಿಸ್ಟರ್ ಒಂದನ್ನು ಮೇಜಿಗೆ ಎರಡು ಸಲ ಕುಟ್ಟಬೇಕಾಯಿತಂತೆ. ರುಚಿಯೂ ಬದಲಾಗಿಲ್ಲ.

ಎರಡು ಹಳದಿಯ ಮೊಟ್ಟೆ ಬೆನೆಡಿಕ್ತಾಳಿಗೇ ಹೋಯಿತು. ಊಟದಲ್ಲಿ ನಮಗೆ ಮಾತಿಲ್ಲವಲ್ಲ, ಅವಳು ಎರಡು ಬೆರಳು ಎತ್ತಿ ತೋರಿಸಿದಳು, ಮದರ್ ಕೂಡ ನಕ್ಕರು.

ಬೆಚ್ಚಗಿರು.
ಇರ್ಮಾ


ಔದೆಡೈಕ್,
8 ಜನವರಿ 2012

ಅಕ್ಕಾ,

ಹೊಸ ವರ್ಷದ ಶುಭಾಶಯ. ಸಿಪ್ಪೆ ಗಟ್ಟಿಯಾಯಿತು ಎಂದು ನೀನು ಬರೆದದ್ದನ್ನು ನೊಯೆಲ್ಲಾಳಿಗೆ ಓದಿ ಹೇಳಿದೆ. "ಪೇಪರ್‌ನಲ್ಲಿ ಹಾಕ್ಸೇ" ಎಂದಳು. ಅಣಕಿಸಲಿ ಬಿಡು. ನಾನು ಬೂದಿ ಎರಡು ಚಮಚದಿಂದ ಮೂರಕ್ಕೆ ಏರಿಸಿದೆ. ಕೋಳಿಗಳು ಚೆನ್ನಾಗಿವೆ, ಎಂಟಕ್ಕೆ ಎಂಟೂ ಓಡಾಡಿಕೊಂಡಿವೆ, ಕೆಂಪು ಜುಟ್ಟು, ಹೊಳೆಯುವ ಪುಕ್ಕ.

ನೊಯೆಲ್ಲಾ ಒಂದು ಕಾಗದ ತಂದಳು. ಪುರಸಭೆಯಲ್ಲಿ ಮನೆಕೋಳಿಯ ಮೊಟ್ಟೆ ಪುಕ್ಕಟೆ ಪರೀಕ್ಷೆ ಮಾಡುತ್ತಾರಂತೆ. ಅವಳದನ್ನು ಕೊಡುತ್ತಾಳಂತೆ, ನನ್ನದನ್ನೂ ಕೊಡು, ಯಾರದು ಮೇಲು ನೋಡೇ ಬಿಡೋಣ ಎಂದು ಪಂದ್ಯ ಕಟ್ಟಿದಳು. ನಾಲ್ಕು ಮೊಟ್ಟೆ ಕೊಟ್ಟು ಬಂದೆ. ಸಿಗಡಿ ವಾಸನೆ ಬಂದಿರುತ್ತದೆಯೇ?

ಎರಡು ವಾರದಿಂದ ನನಗೆ ಹೊಟ್ಟೆ ಹಿಡಿದ ಹಾಗೆ ನೋವು. ಚಳಿಗೆ ಇರಬೇಕು. ನಿನಗೆ ಹೇಗಿದೆ?

ಅಲೀದಾ


ಮಠದಿಂದ,
12 ಫೆಬ್ರವರಿ 2012

ಪ್ರೀತಿಯ ಅಲೀದಾ,

ಹೊಟ್ಟೆನೋವಿಗೆ ಡಾಕ್ಟರ ಬಳಿ ಹೋಗು. ಹೋಗುವುದಿಲ್ಲ ಎಂದು ಗೊತ್ತು, ಆದರೂ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಇಲ್ಲಿಯೂ ಕೆಲವರಿಗೆ ಹೊಟ್ಟೆಯ ತೊಂದರೆ. ಬೆನೆಡಿಕ್ತಾ ಮಾತ್ರ ಕ್ರಿಸ್ಮಸ್ ಆದಮೇಲೆ ತುಂಬ ಇಳಿದಿದ್ದಾಳೆ. ಅನ್ನ ಸೇರುವುದಿಲ್ಲ, ಕೈಯಿಂದ ಸೂಜಿ ಜಾರುತ್ತದೆ. ನಿನ್ನ ಮೊಟ್ಟೆ ಮಾತ್ರ ಹೇಗೋ ಒಳಗೆ ಹೋಗುತ್ತದೆ, ಅದರಿಂದಲೇ ಎದ್ದು ಕೂರುತ್ತಾಳೆ. ಹಾಗಾಗಿ ಅವಳಿಗೆ ದಿನಕ್ಕೆ ಎರಡು ಸಿಗುವ ಹಾಗೆ ನೋಡಿಕೊಳ್ಳುತ್ತೇವೆ. ಸಾಧ್ಯವಾದರೆ ತಪಸ್ಸುಕಾಲ ಶುರುವಾಗುವ ಮುಂಚೆ ಸ್ವಲ್ಪ ಹೆಚ್ಚು ತಂದುಕೊಡು.

ಇಪ್ಪತ್ತೆರಡಕ್ಕೆ ಬೂದಿ ಬುಧವಾರ, ತಪಸ್ಸುಕಾಲದ ಮೊದಲ ದಿನ. ಅಲ್ಲಿಂದ ಈಸ್ಟರ್‌ವರೆಗೆ ಕಾಗದವಿಲ್ಲ. ನಲವತ್ತು ದಿನ ಬೇಗ ಕಳೆಯುತ್ತದೆ.

ಇರ್ಮಾ


ಔದೆಡೈಕ್,
28 ಫೆಬ್ರವರಿ 2012

ಅಕ್ಕಾ,

ನೀನು ಇದನ್ನು ಓದುವಾಗ ಈಸ್ಟರ್ ಆಗಿರುತ್ತದೆ. ಇದೇ ವಿಷಯ ಬರೆದ ಒಂದು ಕಾಗದವನ್ನು ನೀನು ಇವತ್ತೇ ಓದಲಿ ಎಂದು ಕೈಯಾರೆ ತಂದುಕೊಟ್ಟೆ, ಆಗಲಿಲ್ಲ. ಹೇಗೆ ಆಗಲಿಲ್ಲ ಎಂದು ಈಗ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಈ ಇನ್ನೊಂದು ಕಾಗದದಲ್ಲಿ ಬರೆಯುತ್ತಿದ್ದೇನೆ.

ಶುಕ್ರವಾರ ಪುರಸಭೆಯಿಂದ ಪರೀಕ್ಷೆಯ ಕಾಗದ ಬಂತು. ನನಗೆ ತಿಳಿಯಲಿಲ್ಲ, ಎತ್ತಿಕೊಂಡು ಅಲ್ಲಿಗೇ ಹೋದೆ. ಕೌಂಟರಿನ ಹುಡುಗಿ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದಳು.

"ಅಮ್ಮಾ, ನಿಮ್ಮ ಮೊಟ್ಟೇಲಿ ಸೀಸ ಇದೆ. ತುಂಬಾ ಇದೆ. ಬಣ್ಣ ಬಳಿದ ಮರ ಏನಾದ್ರೂ ಸುಟ್ರಾ?"

"ಹಳೇ ಕಿಟಕಿ ಬಾಗ್ಲು."

"ಬೂದಿ ಎಲ್ಲಿಗೆ ಹಾಕಿದ್ರಿ?"

ಕೋಳಿ ಮೇವಿಗೆ ಎಂದೆ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತಂತೆ. ಸುಟ್ಟರೆ ಹೋಗುವುದಿಲ್ಲವಂತೆ, ಬೂದಿಯಲ್ಲೇ ಉಳಿಯುತ್ತದಂತೆ. ಕೋಳಿಗಳು ಚೆನ್ನಾಗೇ ಇವೆಯಲ್ಲಮ್ಮ ಎಂದೆ. "ಕೋಳಿ ಚೆನ್ನಾಗೇ ಇರತ್ತೆ ಅಮ್ಮ. ಅದು ತಿಂದಿದ್ದು ಮೊಟ್ಟೆಗೆ ಹೋಗತ್ತೆ" ಎಂದಳು. ಅಪ್ಪ ಸುಡುತ್ತಿದ್ದದ್ದು ಬೇಲಿಯ ಮರ, ಅಕ್ಕಾ. ಬರೀ ಬೇಲಿಯ ಮರ. ಬಣ್ಣ ಬಳಿದ ಒಂದು ಕಡ್ಡಿಯನ್ನೂ ಅವರು ಒಲೆಗೆ ಹಾಕಿದ್ದು ನೆನಪಿಲ್ಲ.

ಆಮೇಲೆ ಅವಳು ಕೇಳಿದಳು, "ಈ ಮೊಟ್ಟೆ ಬೇರೆ ಯಾರಾದ್ರೂ ತಿಂದಿದಾರಾ?"

ನಾನು ಇಲ್ಲ ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಕೇಳಬೇಡ. ಹೇಳಿದೆ. ಅವಳು ಬರೆದುಕೊಂಡಳು.

ಇವತ್ತು ನಿಮ್ಮ ಬಾಗಿಲಿಗೆ ಬಂದೆ. ಗಂಟೆ ಬಾರಿಸಿದೆ. ಒಳಗಿದ್ದವರು ಸಿಸ್ಟರ್ ಗೋಡೆಲೀವ, ಅವರಿಗೆ ಕಿವಿ ಮಂದ. "ನಮ್ಮಕ್ಕನಿಗೆ ಕೊಡಿ, ಅರ್ಜೆಂಟು" ಎಂದು ಕಾಗದ ಗೂಡಿಗೆ ಹಾಕಿದೆ. "ಈಸ್ಟರ್‌ಗೆ ಕೊಡ್ತೀವಮ್ಮ" ಎಂದರು. "ಅಲ್ಲ, ಮೊಟ್ಟೆ ವಿಷಯ" ಎಂದೆ. "ಮೊಟ್ಟೆ ತುಂಬ ಚೆನ್ನಾಗಿದಾವೆ, ದೇವರು ನಿಮ್ಮ ಕೈ ತಣ್ಣಗಿಟ್ಟಿರಲಿ" ಎಂದರು. ನನ್ನ ಹಿಂದೆ ಒಂದು ಜೋಡಿ ಡಬ್ಬಿ ಹಿಡಿದು ನಿಂತಿತ್ತು. ಅವರ ಎದುರು ಕಿವುಡು ಮುದುಕಿಗೆ ಕೇಳಿಸುವ ಹಾಗೆ, ನಿಮ್ಮೆಲ್ಲರಿಗೂ ವಿಷ ತಿನ್ನಿಸಿದ್ದೇನೆ ಎಂದು ಕಿರುಚಬೇಕಾಗಿತ್ತು. ಗೂಡು ತಿರುಗಿತು. ನಾನು ಬಂದುಬಿಟ್ಟೆ.

ತಪಸ್ಸುಕಾಲಕ್ಕೆಂದು ಕಳೆದ ವಾರ ಅರವತ್ತು ತಂದುಕೊಟ್ಟಿದ್ದೆನಲ್ಲ. ಅವು ಒಳಗೇ ಇವೆ.

ನಿನ್ನ ಹೊಟ್ಟೆಗೆ ನಾನು ಏನು ಹಾಕಿದೆ ಅಕ್ಕಾ.

ಅಲೀದಾ


ಔದೆಡೈಕ್,
15 ಮಾರ್ಚ್ 2012

ಅಕ್ಕಾ,

ಇದೂ ಖಾನೆಗೇ ಹೋಗುತ್ತದೆ ಎಂದು ಗೊತ್ತು.

ಫೋನ್ ನಂಬರ್ ಇದೆ ನನ್ನ ಹತ್ತಿರ. ಎರಡು ಸಲ ಒತ್ತಿದೆ. ಒಂದು ಸಲ ಮದರ್ ಅವರೇ ಎತ್ತಿ "ಹಲೋ, ಹೇಳಿ" ಎಂದರು. ಆ ಹೇಳಿ ಎನ್ನುವುದು ಎಷ್ಟು ಮೆತ್ತಗಿತ್ತು ಎಂದರೆ ನಾನು ಫೋನ್ ಇಟ್ಟುಬಿಟ್ಟೆ. ನಾಳೆ ಹೇಳುತ್ತೇನೆ ಎಂದು ಪ್ರತಿದಿನ ಅಂದುಕೊಳ್ಳುತ್ತೇನೆ. ಅರವತ್ತರಲ್ಲಿ ಇವತ್ತಿಗೆ ಇಪ್ಪತ್ತು ಉಳಿದಿರಬಹುದು. ನಾಳೆಗೆ ಹದಿನೆಂಟು. ಮುಗಿದೇ ಹೋದರೆ ಹೇಳಿ ಏನು ಪ್ರಯೋಜನ ಎಂದು ನನ್ನೊಳಗೆ ಒಬ್ಬಳು ಕೂತು ಲೆಕ್ಕ ಹಾಕುತ್ತಿದ್ದಾಳೆ. ಅವಳು ಮುಗಿಯಲಿ ಎಂದೇ ಕಾಯುತ್ತಿದ್ದಾಳೆ ಅಕ್ಕಾ.

ಅಮ್ಮ ಸಾಯುವಾಗ ನೀನು ಗೋಡೆ ದಾಟಿ ಬರಲಿಲ್ಲ ಎಂದು ಆರು ವರ್ಷ ನಿನಗೆ ಕಾಗದ ಬರೆಯಲಿಲ್ಲ ನಾನು. ನಿಯಮವಂತೆ ನಿಯಮ ಎಂದು ಊರೆಲ್ಲ ಹೇಳಿಕೊಂಡು ಬಂದೆ. ನನ್ನನ್ನು ತಡೆಯುವ ನಿಯಮ ಯಾವುದು? ಬಸ್ಸು ಗಂಟೆಗೊಂದು ಇದೆ.

ನೊಯೆಲ್ಲಾಳ ಮೊಟ್ಟೆ ಪಾಸಾಯಿತು. ಕೇಕು ತಿಂದ ಕೋಳಿಯದು.

ಅಲೀದಾ


ಔದೆಡೈಕ್,
1 ಏಪ್ರಿಲ್ 2012

ಅಕ್ಕಾ,

ಎಂಟನ್ನೂ ಕೊಲ್ಲಿಸಿದೆ. ಪುರಸಭೆಯ ಮನುಷ್ಯ ಬಂದು ಚೀಲದಲ್ಲಿ ಹಾಕಿಕೊಂಡು ಹೋದ, ತಿನ್ನುವ ಹಾಗಿಲ್ಲವಲ್ಲ. ಹಿಡಿಯಲು ಹೋದಾಗ ಓಡಲಿಲ್ಲ, ಮೇವು ತಂದೆ ಎಂದುಕೊಂಡು ನನ್ನ ಕಾಲಿಗೆ ಬಂದವು.

ನನ್ನ ರಕ್ತದಲ್ಲೂ ಇದೆಯಂತೆ. ಇರಲಿ. ಇನ್ನೊಂದು ವಾರಕ್ಕೆ ನೀನು ಖಾನೆ ತೆಗೆಯುತ್ತೀಯ.

ಅಲೀದಾ


ಮಠದಿಂದ,
19 ಏಪ್ರಿಲ್ 2012

ಅಲೀದಾ,

ಈಸ್ಟರ್ ದಿನ ಊಟವಾದ ಮೇಲೆ ನಾಲ್ಕೂ ಕಾಗದ ಓದಿದೆ. ಓದಿದ ಕೂಡಲೇ ಮದರ್ ಅವರಿಗೆ ಹೇಳಿದೆ. ಉಳಿದಿದ್ದ ಐದು ಮೊಟ್ಟೆಯನ್ನು ಅವರು ತಾವೇ ಎತ್ತಿಕೊಂಡು ಹೋಗಿ ಡಾಕ್ಟರಿಗೆ ಕೊಟ್ಟರು. ಮಂಗಳವಾರ ಒಂಬತ್ತು ಜನರ ರಕ್ತ ತೆಗೆದರು. ನಿನ್ನೆ ಫಲಿತಾಂಶ ಬಂತು.

ಏಳು ಜನರಲ್ಲಿ ಇದೆ, ಆದರೆ ಇಳಿಯುತ್ತದೆ ಎನ್ನುತ್ತಾರೆ. ಬೆನೆಡಿಕ್ತಾಳಲ್ಲಿ ಬಹಳ ಇದೆ. ಮೊದಲೇ ದುರ್ಬಲವಾಗಿದ್ದ ಮೂತ್ರಪಿಂಡ. ಅವಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ.

ನನ್ನ ರಕ್ತದಲ್ಲಿ ಏನೂ ಇಲ್ಲ.

ಡಾಕ್ಟರು ಎಲ್ಲರ ಮುಂದೆ ಕೇಳಿದರು, "ಸಿಸ್ಟರ್ ಲುತ್ಗಾರ್ದ, ನೀವು ಮೊಟ್ಟೆ ತಿನ್ನಲ್ವಾ?" ಆಗ ಹೇಳಲೇಬೇಕಾಯಿತು. ನಿನಗೂ ಹೇಳುತ್ತೇನೆ. ನೀನು ಹನ್ನೊಂದು ವರ್ಷ ತಂದ ಮೊಟ್ಟೆಯಲ್ಲಿ ಒಂದನ್ನೂ ನಾನು ತಿಂದಿಲ್ಲ. ಅಮ್ಮನನ್ನು ನಿನ್ನೊಬ್ಬಳ ತಲೆಗೆ ಕಟ್ಟಿ ಇಲ್ಲಿ ಕೂತವಳು ನಾನು. ಮೊದಲ ಸಲ ಬುಟ್ಟಿ ಒಳಗೆ ಬಂದು, ಅದು ನಿನ್ನದು ಎಂದು ತಿಳಿದ ದಿನವೇ, ಈ ಕೈಯ ಊಟ ಉಣ್ಣುವ ಯೋಗ್ಯತೆ ನನಗಿಲ್ಲ ಎಂದು ಹರಕೆ ಹೊತ್ತೆ. ಯಾರಿಗೂ ಹೇಳದ ಹರಕೆ. ನನ್ನ ಪಾಲನ್ನು ಪಕ್ಕದಲ್ಲಿ ಕೂತವರಿಗೆ ದಾಟಿಸುತ್ತಿದ್ದೆ. ನಾಲ್ಕು ವರ್ಷದಿಂದ ನನ್ನ ಪಕ್ಕದಲ್ಲಿ ಕೂರುವವಳು ಬೆನೆಡಿಕ್ತಾ.

ಹಳದಿ ಹೀಗಿತ್ತು, ರುಚಿ ಹಾಗಿತ್ತು ಎಂದು ನಾನು ಬರೆದದ್ದೆಲ್ಲ ಅಡುಗೆಯ ಸಿಸ್ಟರ್ ಹೇಳಿದ್ದು. ನಿಜ ಬರೆದರೆ ನೀನು ಬರುವುದನ್ನು ನಿಲ್ಲಿಸುತ್ತೀಯ ಎಂಬ ಭಯ.

ನೀನು ವಿಷ ಹಾಕಿದ್ದು ತಿಳಿಯದೆ. ಅದರಲ್ಲಿ ಎರಡು ಪಾಲು ಅವಳಿಗೆ ಹೋಗುವ ಹಾಗೆ ಮಾಡಿದವಳು ನಾನು, ಪುಣ್ಯ ಕಟ್ಟಿಕೊಳ್ಳಲು ಹೋಗಿ.

ಇರ್ಮಾ


ಔದೆಡೈಕ್,
26 ಏಪ್ರಿಲ್ 2012

ಅಕ್ಕಾ,

ನಿನ್ನ ರಕ್ತದಲ್ಲಿ ಏನೂ ಇಲ್ಲ ಎಂಬ ಸಾಲು ಓದಿ ಮೊಣಕಾಲೂರಿದೆ. ಮುಂದಿನ ಸಾಲು ಓದಿ ಎದ್ದೆ.

ಹನ್ನೊಂದು ವರ್ಷ. ಹಿಮದಲ್ಲಿ, ಮಳೆಯಲ್ಲಿ, ಟ್ರಾಮಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತುಕೊಳ್ಳಿ ಎಂದರೆ ಮೊಟ್ಟೆ ಇದೆ ಎಂದು ಬೈಸಿಕೊಂಡು. ಅಕ್ಕ ತಿನ್ನುತ್ತಾಳೆ ಎಂದು. ಅರ್ಧ ಹಿಡಿ ಸಿಗಡಿ ಸಿಪ್ಪೆ ವಾಪಸ್ಸು ತೆಗೆದದ್ದು ಯಾರಿಗೋಸ್ಕರ? ನಿನಗೆ ನನ್ನ ಮೇಲೆ ಅಷ್ಟು ಕರುಣೆ ಇದ್ದಿದ್ದರೆ ಒಂದೇ ಒಂದು ಮೊಟ್ಟೆ ತಿನ್ನಬೇಕಾಗಿತ್ತು. ನಿನ್ನ ಹರಕೆ ದೇವರಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ, ನನ್ನನ್ನಂತೂ ಹೊರಗೇ ನಿಲ್ಲಿಸಿತು.

ಇದನ್ನು ಹರಿದು ಬೇರೆ ಬರೆಯೋಣ ಎಂದುಕೊಂಡೆ. ಬೇಡ. ನೀನು ಸಿಟ್ಟಾದರೂ ಆಗು.

ಒಂದು ಮಾತು ಹೇಳು. ನಾನು ಫೆಬ್ರವರಿಯಲ್ಲೇ ಬಾಗಿಲಲ್ಲಿ ಕಿರುಚಿದ್ದರೆ, ಆ ಹುಡುಗಿ ಈಗ ಆಸ್ಪತ್ರೆಯಲ್ಲಿ ಇರುತ್ತಿದ್ದಳೇ? ಸುಳ್ಳು ಹೇಳಬೇಡ. ಇನ್ನು ಬೇಡ.

ಅಲೀದಾ


ಮಠದಿಂದ,
8 ಮೇ 2012

ಅಲೀದಾ,

ಡಾಕ್ಟರನ್ನು ಕೇಳಿದೆ. ಆ ನಲವತ್ತು ದಿನ ತಿನ್ನದೆ ಇದ್ದಿದ್ದರೆ ಅವಳ ಮೂತ್ರಪಿಂಡ ಇಷ್ಟು ಹಾಳಾಗುತ್ತಿರಲಿಲ್ಲ ಎಂದರು. ಪೂರ್ತಿ ಉಳಿಯುತ್ತಿತ್ತು ಎಂದು ಹೇಳಲಿಲ್ಲ. ಕೇಳಿದೆಯಲ್ಲ, ಅದಕ್ಕೆ ಬರೆದೆ. ಈಗ ವಾರಕ್ಕೆ ಮೂರು ದಿನ ಯಂತ್ರದಲ್ಲಿ ರಕ್ತ ಶುದ್ಧ ಮಾಡುತ್ತಾರೆ. ಇದು ಜೀವನಪರ್ಯಂತ ಇರಬಹುದು. ಆ ಸ್ಥಿತಿಯಲ್ಲಿ ಅವಳನ್ನು ಇಲ್ಲಿ ಇಟ್ಟುಕೊಳ್ಳಲು ನಮ್ಮ ಕೈಲಿ ಆಗುವುದಿಲ್ಲ. ಮಠಕ್ಕೆ ಮರಳುವುದಿಲ್ಲ ಎಂದು ಅವಳಿಗೂ ಗೊತ್ತಾಗಿದೆ.

ಹೋಗಿ ನೋಡಲು ಅಪ್ಪಣೆ ಕೇಳಿದೆ. ಮದರ್ ಕೊಟ್ಟರು. ಬೆನೆಡಿಕ್ತಾ, ಸಿಸ್ಟರ್ ಲುತ್ಗಾರ್ದ ಬರುವುದು ಬೇಡ ಎಂದು ಹೇಳಿ ಕಳಿಸಿದಳು.

ನೀನು ಹೋಗು. ನನ್ನ ಹರಕೆಯ ವಿಷಯ ಅವಳಿಗೆ ತಿಳಿದಿದೆ. ನೀನು ಬಾಗಿಲವರೆಗೆ ಬಂದು ಹೇಳದೆ ಹೋದದ್ದು ತಿಳಿದಿಲ್ಲ. ಅದನ್ನು ನಾನು ಹೇಳಿಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು. ಅವಳು ಕ್ಷಮಿಸಿದರೆ ಬರೆ. ಕ್ಷಮಿಸದಿದ್ದರೂ ಬರೆ.

ಇರ್ಮಾ


ಔದೆಡೈಕ್,
20 ಮೇ 2012

ಅಕ್ಕಾ,

ಇವತ್ತು ಹೋಗಿದ್ದೆ. ಕೈಯಲ್ಲಿ ಏನು ತೆಗೆದುಕೊಂಡು ಹೋಗುವುದು ಎಂದೇ ಎರಡು ದಿನ ಯೋಚನೆ. ತಿನ್ನುವುದು ಕೊಡಲು ನನಗೆ ಕೈ ಬರುವುದಿಲ್ಲ ಇನ್ನು. ಬರಿಗೈಯಲ್ಲಿ ಹೋದೆ.

ನಿಮ್ಮ ಉಡುಪಿಲ್ಲದೆ, ಆಸ್ಪತ್ರೆಯ ಅಂಗಿಯಲ್ಲಿ, ಕತ್ತರಿಸಿದ ಕೂದಲಿನಲ್ಲಿ ಅವಳು ತುಂಬ ಚಿಕ್ಕವಳ ಹಾಗೆ ಕಾಣುತ್ತಾಳೆ. ಮುಖ ಊದಿದೆ. ನಾನು ಯಾರೆಂದು ಹೇಳಿದೆ. ಒಂದು ಗಳಿಗೆ ನೋಡಿ, "ಎರಡು ಹಳದೀದು ನಿಮ್ಮ ಕೋಳೀದೇನಾ?" ಎಂದಳು. ಹೌದು ಎಂದೆ.

ಆಮೇಲೆ ಅವಳಾಗಿಯೇ ನಿನ್ನ ಮಾತು ತೆಗೆದಳು. "ನಿಮ್ಮಕ್ಕನ ಮೇಲೆ ನಂಗೆ ಸಿಟ್ಟಿದೆ" ಎಂದಳು. "ಇರಲಮ್ಮ" ಎಂದೆ. "ನಾಲ್ಕು ವರ್ಷ ಅವರ ಪಕ್ಕ ಕೂತಿದೀನಿ. ಬಿಸಿ ಮೊಟ್ಟೆ ತಟ್ಟೆಗೆ ಬಂದ್ರೆ ಎರಡೂ ಕೈಯಲ್ಲಿ ಹಿಡ್ಕೊಂಡು ಕೂರೋರು. ಪ್ರಾರ್ಥನೆ ಮುಗಿಯೋ ತನಕ, ಊಟದ ಹೊತ್ತಲ್ಲಿ ಗಟ್ಟಿಯಾಗಿ ಓದೋ ಸಿಸ್ಟರ್ ಒಂದು ಪುಟ ಓದೋ ತನಕ ಬಿಡ್ತಿರ್ಲಿಲ್ಲ. ಆಮೇಲೆ ನನ್ನ ಕಡೆ ತಳ್ಳೋರು. ನನ್ನದು ತಿಂದು ಮುಗ್ಸೋ ಹೊತ್ಗೆ ಅದು ತಣ್ಣಗಾಗಿರೋದು. ನಾಲ್ಕು ವರ್ಷ ತಣ್ಣಗಿನ ಮೊಟ್ಟೆ ತಿನ್ಸಿದಾರೆ ನಂಗೆ." ಅಷ್ಟು ಹೇಳಿ ಸ್ವಲ್ಪ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು.

ನನಗೆ ಗೊತ್ತಿರಲಿಲ್ಲ ಅಕ್ಕಾ. ನೀನು ಅದನ್ನು ಬರೆದಿರಲಿಲ್ಲ.

ಅಲ್ಲಿಗೇ ಎದ್ದು ಬಂದುಬಿಡಬಹುದಾಗಿತ್ತು. ಕಾಲು ಬಾಗಿಲ ಕಡೆ ತಿರುಗಿತ್ತು ಕೂಡ. ನಿಂತು ಹೇಳಿದೆ. ಪುರಸಭೆಯ ಹುಡುಗಿ, ನಾನು ಇಲ್ಲ ಎಂದದ್ದು, ತಿರುಗುಗೂಡು, ಹಿಂದೆ ನಿಂತ ಜೋಡಿ, ಫೋನ್ ಇಟ್ಟದ್ದು, ಅರವತ್ತು ಮುಗಿಯಲಿ ಎಂದು ಕಾದದ್ದು, ಎಲ್ಲ. ಯಾವುದನ್ನೂ ಬಿಡಲಿಲ್ಲ. ಡಾಕ್ಟರು ನಲವತ್ತು ದಿನದ ಬಗ್ಗೆ ಹೇಳಿದ್ದನ್ನೂ ಹೇಳಿದೆ.

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹೊರಗೆ ಊಟದ ಗಾಡಿ ಬಂತು, ಹೋಯಿತು. "ಕಿಟಕಿ ಮುಚ್ಚಿ, ಚಳಿ" ಎಂದಳು. ಮುಚ್ಚಿದೆ. ನರ್ಸ್ ಬಂದು, "ಅಜ್ಜೀ, ಟೈಮ್ ಆಯ್ತು" ಎಂದರು.

ಕ್ಷಮಿಸಿದರೆ ಬರೆ, ಕ್ಷಮಿಸದಿದ್ದರೂ ಬರೆ ಎಂದಿದ್ದೆಯಲ್ಲ. ಏನೆಂದು ಬರೆಯಲಿ? ಬಾ ಎಂದು ಹೇಳಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಭಾನುವಾರ ಎರಡರಿಂದ ನಾಲ್ಕರವರೆಗೆ ಒಳಗೆ ಬಿಡುತ್ತಾರೆ. ಹೋಗುತ್ತೇನೆ.

ನಿನ್ನ ತಂಗಿ
ಅಲೀದಾ